ಸಂಪಾದಕರ ಉತ್ತರ: ಐದು ಬೀದಿಯ ಊರು ನಮಗೇಕೆ?

ತಿಪಟೂರು ಕಡೆಯ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಮುಖ್ಯ ಭಾಗ:

"ಕಳೆದ ಸಂಚಿಕೆಯಲ್ಲಿ ಲಿಥುವೇನಿಯಾ ದೇಶದ ಶಿಲುಟೆ ಜಿಲ್ಲೆಯ ಸಣ್ಣ ಊರುಗಳ ಬಗ್ಗೆ ಎಂಟು ಪುಟದ ಲೇಖನ ಹಾಕಿದ್ದೀರಿ. ಆ ಒಂದೊಂದು ಊರಲ್ಲಿ ಎರಡು ಸಾವಿರ ಜನರೂ ಇಲ್ಲವಂತೆ. ಐದು ಬೀದಿ ದಾಟಿದರೆ ಊರೇ ಮುಗಿಯಿತು. ನಮ್ಮ ಹೋಬಳಿ ಊರೇ ಅದಕ್ಕಿಂತ ದೊಡ್ಡದು. ರಾಜ ಆಳಲಿಲ್ಲ, ಯುದ್ಧ ನಡೆಯಲಿಲ್ಲ, ಸಾಮ್ರಾಜ್ಯ ಕಟ್ಟಲಿಲ್ಲ. ಆ ದೇಶದ ಚರಿತ್ರೆಯೇ ಬೇಕಿದ್ದರೆ ರಾಜಧಾನಿ ವಿಲ್ನಿಯಸ್ ಬಗ್ಗೆ ಬರೆಸಬಹುದಿತ್ತು. ನಮ್ಮೂರುಗಳ ಕಥೆಯನ್ನೇ ಬರೆಯುವವರಿಲ್ಲ. ನಮ್ಮೂರ ಸಂತೆಮಾಳಕ್ಕೆ ನನ್ನಜ್ಜಿ ಬೇರೆ ಏನೋ ಹೆಸರು ಹೇಳುತ್ತಿದ್ದರು, ಈಗ ಅದು ಯಾರಿಗೂ ಗೊತ್ತಿಲ್ಲ. ಅಂಥದ್ದರಲ್ಲಿ ಇದೇಕೆ?"

ಮೇಷ್ಟ್ರೇ, ನಿಮ್ಮ ಪತ್ರ ಹದಿನೈದು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಎಂಟು ಪುಟ ಜಾಸ್ತಿಯಾಯಿತು ಅನ್ನುವುದನ್ನು ಒಪ್ಪುತ್ತೇನೆ. ಒಂದು ನಕ್ಷೆಯನ್ನಾದರೂ ಹಾಕಬೇಕಿತ್ತು, ಹಾಕಲಿಲ್ಲ, ಅದು ನಮ್ಮದೇ ತಪ್ಪು. ವಿಲ್ನಿಯಸ್ ದೊಡ್ಡ ಊರು ಅನ್ನುವುದೂ ನಿಜ. ಅಲ್ಲಿನ ವಿಶ್ವವಿದ್ಯಾಲಯ 1579ರದ್ದು. ಅದರ ಮೇಲೆ ಯಾರಾದರೂ ಒಳ್ಳೆಯ ಲೇಖನ ಕಳಿಸಿದರೆ ಖಂಡಿತ ಹಾಕುತ್ತೇನೆ.

ಆದರೆ ನೀವು ಆಡಿದ ಮಾತಿನಲ್ಲಿ ಒಂದನ್ನು ಮಾತ್ರ ನನ್ನಿಂದ ಬಿಡಲಾಗದು: ದೇಶದ ಚರಿತ್ರೆ ಬೇಕಿದ್ದರೆ ರಾಜಧಾನಿಗೆ ಹೋಗಬೇಕು ಅನ್ನುವುದು. ಅದಕ್ಕೆ ಲಿಥುವೇನಿಯಾದಷ್ಟು ನೇರವಾದ ಉತ್ತರ ಬೇರೆ ಯಾವ ದೇಶವೂ ಕೊಡಲಾರದು. 1897ರಲ್ಲಿ ರಷ್ಯಾ ಸಾಮ್ರಾಜ್ಯ ಜನಗಣತಿ ಮಾಡಿದಾಗ ವಿಲ್ನಿಯಸ್ ಪಟ್ಟಣದಲ್ಲಿ ಲಿಥುವೇನಿಯನ್ ಮಾತಾಡುತ್ತಿದ್ದವರು ನೂರಕ್ಕೆ ಎರಡರಷ್ಟು. ಅಲ್ಲಿ ಕೇಳಿಬರುತ್ತಿದ್ದದ್ದು ಯಹೂದಿಗಳ ಯಿಡ್ಡಿಶ್, ಪೋಲಿಷ್, ರಷ್ಯನ್. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಂತೂ ಆ ಪಟ್ಟಣ ಪೋಲೆಂಡಿನ ಕೈಯಲ್ಲಿತ್ತು, ಲಿಥುವೇನಿಯಾದ ಸರ್ಕಾರ ಕೌನಾಸ್‌ನಲ್ಲಿ ಕೂತು ನಡೆಯುತ್ತಿತ್ತು. ಹಾಗಾದರೆ ಆ ಭಾಷೆಯನ್ನು ಉಳಿಸಿಕೊಂಡವರು ಯಾರು? ಸಂತೆಗೆ ಬರುತ್ತಿದ್ದವರು, ಮೀನು ಹಿಡಿಯುತ್ತಿದ್ದವರು, ಹಳ್ಳಿ ಶಾಲೆಯ ಮೇಷ್ಟ್ರುಗಳು. ನಿಮ್ಮಂಥವರು.

ಶಿಲುಟೆಯ ಕಡೆಗೆ ಬನ್ನಿ. ನೆಮುನಾಸ್ ನದಿ ಕಡಲಂಚಿನ ಕುರ್ಶ್ಯು ಹಿನ್ನೀರಿಗೆ ಸೇರುವ ಮುಂಚೆ ಕವಲೊಡೆಯುತ್ತದೆ. ಅತ್ಮತಾ, ಸ್ಕಿರ್ವಿತೆ ಎಂಬ ಎರಡು ಕವಲುಗಳ ನಡುವೆ ರುಸ್ನೆ ಎಂಬ ದ್ವೀಪದೂರು. ವಸಂತದಲ್ಲಿ ಹಿಮ ಕರಗಿದಾಗ ಹೊಳೆ ಉಕ್ಕಿ ಹುಲ್ಲುಗಾವಲೆಲ್ಲ ಕೆರೆಯಾಗುತ್ತದೆ. ಆ ಕಡೆಯವರ ಬಾಯಲ್ಲಿ 'ಶಕ್ತಾರ್ಪಿಸ್' ಅಂತ ಒಂದು ಮಾತಿದೆ. ಹೊಳೆಯ ಮೇಲಿನ ಮಂಜುಗಡ್ಡೆ ಕಾಲಿಟ್ಟರೆ ತಡೆಯುವಷ್ಟು ಗಟ್ಟಿಯೂ ಇರುವುದಿಲ್ಲ, ದೋಣಿ ಬಿಡುವಷ್ಟು ಕರಗಿಯೂ ಇರುವುದಿಲ್ಲ. ನಡೆದೂ ದಾಟಲಾಗದ, ತೇಲಿಯೂ ದಾಟಲಾಗದ ಆ ಕೆಲವು ದಿನಗಳಿಗೆ ಇರುವ ಹೆಸರು ಅದು. ಇಂಥ ಒಂದು ಪದ ಯಾವ ರಾಜಧಾನಿಯಲ್ಲಿ ಹುಟ್ಟೀತು ಹೇಳಿ. ಅಂಥ ಪದ ಬೇಕಾದವರು ಮಾತ್ರ ಅದನ್ನು ಕಟ್ಟಬಲ್ಲರು.

ರಾಜ ಆಳಲಿಲ್ಲ ಅಂದಿರಿ. ಆ ಜಿಲ್ಲೆಯನ್ನು ಎರಡು ಹೋಳು ಮಾಡಿದ ಗಡಿ 1422ರ ಮೆಲ್ನೊ ಒಪ್ಪಂದದಲ್ಲಿ ಗುರುತಾದದ್ದು. ಒಂದು ಕಡೆ ಟ್ಯೂಟಾನಿಕ್ ಎಂಬ ಜರ್ಮನ್ ಕ್ರೈಸ್ತ ಯೋಧರ ನಾಡು, ಅದು ಮುಂದೆ ಪ್ರಶ್ಯಾ, ಆಮೇಲೆ ಜರ್ಮನಿ. ಇನ್ನೊಂದು ಕಡೆ ಲಿಥುವೇನಿಯಾ, ಅದು ಮುಂದೆ ರಷ್ಯಾದ ಪಾಲು. ರಾಜರು ಬದಲಾದರು, ಗೆರೆ ಹೆಚ್ಚುಕಡಿಮೆ ಐನೂರು ವರ್ಷ ಅಲ್ಲೇ ಇತ್ತು. ಶಿಲುಟೆ, ರುಸ್ನೆ, ಕಿಂತಾಯ್ ಆ ಪ್ರಶ್ಯಾದ ಕಡೆ. ಜೆಮೈಚು ನೌಮಿಯೆಸ್ತಿಸ್, ಶ್ವೇಕ್ಷ್ನಾ ಈ ರಷ್ಯಾದ ಕಡೆ. ಎರಡೂ ಕಡೆಯ ರೈತ ಆಡುತ್ತಿದ್ದದ್ದು ಲಿಥುವೇನಿಯನ್ನೇ. ಆದರೆ ಆ ಕಡೆಯವನು ಲೂಥರನ್, ಈ ಕಡೆಯವನು ಕ್ಯಾಥೊಲಿಕ್. ಆ ಕಡೆ ಪ್ರಾರ್ಥನೆ ಪುಸ್ತಕ ಅಚ್ಚಾಗುತ್ತಿದ್ದದ್ದು ಜರ್ಮನರ ಗಾಥಿಕ್ ಅಕ್ಷರದಲ್ಲಿ. ಈ ಕಡೆ 1864ರಿಂದ 1904ರವರೆಗೆ, ನಲವತ್ತು ವರ್ಷ, ರೋಮನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕ ಅಚ್ಚು ಹಾಕುವುದೇ ಅಪರಾಧ. ರಷ್ಯನ್ ಲಿಪಿಯಲ್ಲಿ ಮಾತ್ರ ಅಚ್ಚು ಹಾಕಿ ಅಂತ ತ್ಸಾರ್ ಸರ್ಕಾರದ ಅಪ್ಪಣೆ.

ಕನ್ನಡವನ್ನು ಬೇರೆ ಲಿಪಿಯಲ್ಲೇ ಬರೆಯಬೇಕು, ನಮ್ಮ ಅಕ್ಷರದ ಪುಸ್ತಕ ಮನೆಯಲ್ಲಿ ಸಿಕ್ಕರೆ ಶಿಕ್ಷೆ ಅಂತ ಯಾರಾದರೂ ಅಂದರೆ ನಿಮಗೆ ಹೇಗಾಗುತ್ತದೆ? ಅವರೇನು ಮಾಡಿದರು ಗೊತ್ತೆ? ಪ್ರಶ್ಯಾದ ಟಿಲ್ಸಿಟ್ ಪಟ್ಟಣದಲ್ಲಿ ಪುಸ್ತಕ ಅಚ್ಚು ಹಾಕಿಸಿ, ರಾತ್ರಿ ಹೊತ್ತು ಬೆನ್ನಿಗೆ ಮೂಟೆ ಕಟ್ಟಿಕೊಂಡು ಗಡಿ ದಾಟಿಸಿದರು. ಸಿಕ್ಕಿಬಿದ್ದವರು ಸೈಬೀರಿಯಾಕ್ಕೆ ಹೋದರು, ಕೆಲವರು ಗಡಿಯಲ್ಲೇ ಗುಂಡೇಟಿಗೆ ಸತ್ತರು. 'ಕ್ನಿಗ್‌ನೇಶಿಸ್', ಅಂದರೆ ಪುಸ್ತಕ ಹೊರುವವನು, ಅನ್ನುವುದು ಇವತ್ತಿಗೂ ಆ ನಾಡಿನಲ್ಲಿ ಗೌರವದ ಪದ. ಹೊತ್ತವರಲ್ಲಿ ಹೆಚ್ಚಿನವರು ರೈತರು. ಆ ಮೂಟೆಗಳು ಇಳಿದದ್ದು ನೀವು ಐದು ಬೀದಿ ಅಂದಿರಲ್ಲ, ಅಂಥ ಊರುಗಳ ಕಣಜ, ದನದ ಕೊಟ್ಟಿಗೆಗಳಲ್ಲಿ. ಯುದ್ಧ ಅಂದರೆ ಇದೂ ಯುದ್ಧವೇ, ಮೇಷ್ಟ್ರೇ.

ಕಿಂತಾಯ್ ಅಂದೆನಲ್ಲ. ಹಿನ್ನೀರಿನ ದಂಡೆಯ ಆ ಊರಿನ ಶಾಲೆಗೆ 1888ರಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಮೇಷ್ಟ್ರಾಗಿ ಬಂದ. ಹೆಸರು ವಿಲ್ಹೆಲ್ಮಾಸ್ ಸ್ತೊರೊಸ್ತಾ. ಅವನು ಹುಟ್ಟಿದ್ದೂ ಶಿಲುಟೆ ಹತ್ತಿರದ ಯೊನೈಚೈ ಹಳ್ಳಿಯಲ್ಲಿ. ನಾಲ್ಕು ವರ್ಷ ಪಾಠ ಹೇಳಿ ಟಿಲ್ಸಿಟ್‌ಗೆ ಹೋದವನು ಮುಂದೆ ವಿದೂನಾಸ್ ಎಂಬ ಹೆಸರಿನಲ್ಲಿ ಆ ನಾಡಿನ ದೊಡ್ಡ ದಾರ್ಶನಿಕನಾದ, ನಾಟಕ ಬರೆದ, ಗಾಯನ ತಂಡ ಕಟ್ಟಿ ಊರೂರು ಸುತ್ತಿದ. ಮಾಂಸ ಬಿಟ್ಟ. ವೇದಾಂತ ಓದಿದ. ಭಗವದ್ಗೀತೆಯನ್ನು ಲಿಥುವೇನಿಯನ್‌ಗೆ ತಂದ. 1938ರಲ್ಲಿ ನಾಜಿಗಳು ಎಪ್ಪತ್ತರ ಆ ಮುದುಕನನ್ನು ಜೈಲಿಗೆ ಹಾಕಿದರು, ಹೊರಗಿನಿಂದ ಪ್ರತಿಭಟನೆ ಬಂದ ಮೇಲೆ ಬಿಟ್ಟರು. ಯುದ್ಧದಲ್ಲಿ ಮನೆ, ಊರು ಎರಡನ್ನೂ ಕಳೆದುಕೊಂಡು ಜರ್ಮನಿಯ ಡೆಟ್‌ಮೋಲ್ಡ್‌ನಲ್ಲಿ 1953ರಲ್ಲಿ ತೀರಿಕೊಂಡ. 1991ರಲ್ಲಿ ಅವನ ಅಸ್ಥಿಯನ್ನು ತವರಿನ ಕಡೆಗೆ, ನೆಮುನಾಸ್ ತೀರದ ಬಿತೆನೈ ಸ್ಮಶಾನಕ್ಕೆ ತಂದರು. ಕಿಂತಾಯ್‌ನ ಹಳೆಯ ಶಾಲೆಯಲ್ಲಿ ಈಗ ಅವನ ಹೆಸರಿನ ಸಂಸ್ಕೃತಿ ಕೇಂದ್ರವಿದೆ. ನಮ್ಮ ಗೀತೆ ಅಷ್ಟು ದೂರದ ಒಂದು ಸಣ್ಣ ಭಾಷೆಗೆ ಹೋದ ದಾರಿ ಹಳ್ಳಿ ಶಾಲೆಯ ಮೇಷ್ಟ್ರೊಬ್ಬರ ಮೂಲಕ. ಅದನ್ನು ನೀವು, ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ನೀವು, ಬೇಡದ ವಿಷಯ ಅಂದದ್ದಕ್ಕೆ ನನಗೆ ನೋವಾಯಿತು.

ಇನ್ನೊಂದು ಊರು ಜೆಮೈಚು ನೌಮಿಯೆಸ್ತಿಸ್. ನೌಮಿಯೆಸ್ತಿಸ್ ಅಂದರೆ ನಮ್ಮ ಹೊಸಪೇಟೆ ಇದ್ದ ಹಾಗೆ. ಯಹೂದಿಗಳು ಅದನ್ನೇ ನೈಶ್ತಾಟ್ ಅನ್ನುತ್ತಿದ್ದರು, ಜರ್ಮನರು ನೊಯ್‌ಶ್ಟಾಟ್. ಗಡಿಯ ಪಕ್ಕದ ಪೇಟೆಯಾದ್ದರಿಂದ ವ್ಯಾಪಾರ ಜೋರು. ಕ್ಯಾಥೊಲಿಕ್ ಚರ್ಚು, ಲೂಥರನ್ ಚರ್ಚು, ಯಹೂದಿಗಳ ಸಿನಗಾಗ್ ಎಲ್ಲವೂ ಕೂಗಳತೆಯಲ್ಲಿ. 1871ರಲ್ಲಿ ಅಲ್ಲಿ ಹುಟ್ಟಿ, ರುಸ್ನೆಯಲ್ಲಿ ಬೆಳೆದ ಯಹೂದಿ ಹುಡುಗ ಹರ್ಮನ್ ಕ್ಯಾಲೆನ್‌ಬಾಕ್. ಹೆಸರು ಕೇಳಿರುತ್ತೀರಿ. ದಕ್ಷಿಣ ಆಫ್ರಿಕಾದಲ್ಲಿ ವಾಸ್ತುಶಿಲ್ಪಿಯಾಗಿ, 1910ರಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರದ ತನ್ನ 1,100 ಎಕರೆ ಜಮೀನನ್ನು ಸತ್ಯಾಗ್ರಹಿಗಳ ಸಂಸಾರಗಳಿಗೆ ಬಿಟ್ಟುಕೊಟ್ಟವರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಗಾಂಧೀಜಿ ಅಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತರು, ಅದನ್ನು ಕಲಿತು ಬಂದು ಕಲಿಸಿದವರು ಇದೇ ಕ್ಯಾಲೆನ್‌ಬಾಕ್. 2015ರ ಅಕ್ಟೋಬರ್ 2ರಂದು ರುಸ್ನೆಯ ಹೊಳೆ ದಂಡೆಯಲ್ಲಿ ಗಾಂಧಿ ಮತ್ತು ಕ್ಯಾಲೆನ್‌ಬಾಕ್ ಅಕ್ಕಪಕ್ಕ ನಿಂತಿರುವ ಪ್ರತಿಮೆ ಇಟ್ಟರು. ನೂರಾರು ಊರಲ್ಲಿ ಗಾಂಧಿ ಒಬ್ಬರೇ ನಿಂತಿದ್ದಾರೆ. ಅಲ್ಲಿ ಗೆಳೆಯನ ಜೊತೆ ನಿಂತಿದ್ದಾರೆ.

ಆ ಗೆಳೆಯನ ಊರಿಗೆ ಆಮೇಲೆ ಏನಾಯಿತು ಅನ್ನುವುದನ್ನೂ ಹೇಳಬೇಕು. 1941ರ ಬೇಸಿಗೆಯಿಂದ ಆಚೆಗೆ ನೌಮಿಯೆಸ್ತಿಸ್‌ನಲ್ಲಿ, ಶ್ವೇಕ್ಷ್ನಾದಲ್ಲಿ ತಲೆಮಾರುಗಳಿಂದ ಬಾಳಿದ್ದ ಯಹೂದಿಗಳನ್ನು ನಾಜಿಗಳೂ ಅವರ ಸ್ಥಳೀಯ ಸಹಾಯಕರೂ ಸೇರಿ ಕೊಂದರು. ಎರಡೂ ಊರಲ್ಲಿ ಸಿನಗಾಗ್ ಕಟ್ಟಡ ಇವತ್ತಿಗೂ ನಿಂತಿದೆ. ಒಳಗೆ ಪ್ರಾರ್ಥಿಸುವವರಿಲ್ಲ.

ಹೊಳೆಯ ಕಡೆಯ ಊರುಗಳ ಗತಿ ಇನ್ನೊಂದು ಬಗೆ. 1915ರಲ್ಲಿ ರುಸ್ನೆಯಲ್ಲಿ ಹುಟ್ಟಿದ ಒಂದು ಹೆಣ್ಣುಮಗುವನ್ನು ನೆನೆಸಿಕೊಳ್ಳಿ. ಹುಟ್ಟುವಾಗ ಜರ್ಮನಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರೆಂಚ್ ಆಡಳಿತ. 1923ರಲ್ಲಿ ಲಿಥುವೇನಿಯಾ. 1939ರ ಮಾರ್ಚಿನಲ್ಲಿ ಹಿಟ್ಲರ್. ಯುದ್ಧದ ಕೊನೆಗೆ ಸೋವಿಯತ್. ಮನೆಯ ಹೊಸಿಲು ದಾಟದೆ ಐದು ಸರ್ಕಾರ. ಅದರಲ್ಲೂ 1944ರಲ್ಲಿ ಕೆಂಪು ಸೇನೆ ಹತ್ತಿರವಾದಾಗ ಇಡೀ ಸೀಮೆ ಗಾಡಿ ಕಟ್ಟಿಕೊಂಡು ಹೊರಟುಹೋಯಿತು, ಊರುಗಳು ಖಾಲಿಯಾದವು. ಹಿಂದಿರುಗಿದವರು ಕೆಲವರು. ಉಳಿದ ಮನೆಗಳಿಗೆ ಬೇರೆ ಸೀಮೆಯವರು ಬಂದರು. ಹಳಬರು ತಮ್ಮನ್ನು ತಾವು 'ಶಿಶೋನಿಶ್ಕೈ' ಅಂದುಕೊಳ್ಳುತ್ತಾರೆ. ಅಂದರೆ 'ಇಲ್ಲಿಯವರು', ಅಷ್ಟೇ. ಜರ್ಮನರೆಂದೋ ಲಿಥುವೇನಿಯನ್ನರೆಂದೋ ಹೇಳಿ ಅಂತ ಪ್ರತಿಯೊಂದು ಸರ್ಕಾರ ಕೇಳಿದಾಗಲೂ ಅವರಲ್ಲಿ ಎಷ್ಟೋ ಜನರ ಬಾಯಿಗೆ ಬಂದದ್ದು ಆ ಒಂದೇ ಉತ್ತರ.

ಶಿಲುಟೆ ಅನ್ನುವ ಹೆಸರಿನ ಕಥೆಯೂ ಅಂಥದ್ದೇ. ಜರ್ಮನರ ಕಾಲಕ್ಕೆ ಅದು ಹೈಡೆಕ್ರುಗ್, ಊರವರ ಬಾಯಲ್ಲಿ ಶಿಲೋಕಾರ್ಚೆಮಾ. ಎರಡಕ್ಕೂ ಅರ್ಥ ಒಂದೇ: ಕುರುಚಲು ಬಯಲಿನ ಖಾನಾವಳಿ. ದಾರಿಹೋಕರಿಗೆ ಊಟ, ಬಿಯರು, ರಾತ್ರಿ ತಂಗಲು ಜಾಗ ಕೊಡುತ್ತಿದ್ದ ಆ ಖಾನಾವಳಿಯ ದಾಖಲೆ 1511ರಷ್ಟು ಹಳೆಯದು. ಅದರ ಸುತ್ತ ಸಂತೆ ಕೂಡಿತು, ಸಂತೆಯಿಂದ ಊರಾಯಿತು.

ಲೇಖನದ ಜೊತೆ ಅಚ್ಚಾದ ಎರಡು ಚಿತ್ರಗಳನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಒಂದು, 'ದೆಲ್ಮೊನಾಸ್'. ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಕಪ್ಪು ಬಟ್ಟೆಯ ಸಂಚಿ. ನಮ್ಮ ಅಜ್ಜಿಯರ ಎಲೆಅಡಿಕೆ ಸಂಚಿಯ ಅಕ್ಕ ಅನ್ನಿ. ಮೇಲೆ ಬಣ್ಣದ ದಾರದ ಹೂಬಳ್ಳಿ, ನಡುವೆ ಉಟ್ಟವಳ ಹೆಸರಿನ ಮೊದಲಕ್ಷರ, ಹೊಲಿದ ಇಸವಿ. ಎರಡನೆಯದು ದೋಣಿಯ ಕೂವೆಮರದ ತುದಿಗೆ ಸಿಕ್ಕಿಸುವ ಗಾಳಿಪಟ್ಟಿ, 'ವೆತ್ರುಂಗೆ'. ಯಾವ ದೋಣಿ ಯಾವ ಊರಿನದು ಅಂತ ಮೀನುಗಾರಿಕೆ ಅಧಿಕಾರಿಗೆ ದೂರದಿಂದಲೇ ತಿಳಿಯಲಿ ಎಂದು 1844ರಲ್ಲಿ ಕಾನೂನು ಮಾಡಿ ಗುರುತಿನ ಪಟ್ಟಿ ಕಡ್ಡಾಯ ಮಾಡಿದರು. ಹಿನ್ನೀರಿಗೂ ಕಡಲಿಗೂ ನಡುವಿನ ಮರಳುದಿಬ್ಬದ ಕಡೆಯವರಿಗೆ ಕಪ್ಪು ಬಿಳಿ, ಈ ದಂಡೆಯವರಿಗೆ ಕೆಂಪು ಬಿಳಿ. ಬೆಸ್ತರು ಸುಮ್ಮನೆ ಪಟ್ಟಿ ಹಾಕಿ ಬಿಡಲಿಲ್ಲ. ಚಳಿಗಾಲದಲ್ಲಿ ಕೂತು ಅದರ ಸುತ್ತ ಮರದಲ್ಲಿ ಮನೆ ಕೆತ್ತಿದರು, ಚರ್ಚು ಕೆತ್ತಿದರು, ಮರ, ಮನುಷ್ಯ ಕೆತ್ತಿದರು. ಅಧಿಕಾರಿಯ ಕಣ್ಣಿಗೆಂದು ಹುಟ್ಟಿದ್ದು ಸಂಸಾರದ ಕಥೆಯಾಯಿತು.

ಈಗ ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ. ನಮ್ಮೂರುಗಳ ಚರಿತ್ರೆ ಬರೆಯುವವರಿಲ್ಲ ಅಂದಿರಿ. ಅದು ನನ್ನದೂ ಹಳೆಯ ಸಂಕಟ. ಇಪ್ಪತ್ತು ವರ್ಷದ ಹಿಂದೆ ಒಂದು ತಾಲ್ಲೂಕು ಕೇಂದ್ರದ ಗುಜರಿ ಅಂಗಡಿಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ದಫ್ತರಗಳ ರಾಶಿ ನೋಡಿದೆ. ಯಾವುದೋ ಕಚೇರಿಯವರು ಜಾಗ ಖಾಲಿ ಮಾಡಲು ತೂಕಕ್ಕೆ ಹಾಕಿದ್ದರು. ಮೂರನ್ನು ದುಡ್ಡು ಕೊಟ್ಟು ತಂದೆ. ಒಂದರಲ್ಲಿ ಸಂತೆಯ ಸುಂಕದ ಲೆಕ್ಕ: ಎತ್ತಿನ ಗಾಡಿಗೆ ಇಷ್ಟು, ಕತ್ತೆ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು, ಮಡಕೆ ಮಾರುವ ಮುದುಕಿಗೆ ಮಾಫಿ. ಆ ಮುದುಕಿಯ ಹೆಸರೂ ಇತ್ತು. ಉಳಿದ ರಾಶಿಗಾಗಿ ಮಾರನೆಯ ದಿನ ಹೋದರೆ ಎಲ್ಲ ಪೊಟ್ಟಣ ಕಟ್ಟಲು ಹೋಗಿಬಿಟ್ಟಿತ್ತು. ಇನ್ನೊಂದು ಕಡೆ ನಾವು ಸಮ್ಮೇಳನಕ್ಕೊಂದು, ಜಾತ್ರೆಗೊಂದು ಸ್ಮರಣ ಸಂಚಿಕೆ ತರುತ್ತೇವೆ. ಮೊದಲ ನಲವತ್ತು ಪುಟ ಗಣ್ಯರ ಶುಭಾಶಯ, ಫೋಟೋ. ಊರಿನ ಇತಿಹಾಸ ಒಂದೂವರೆ ಪುಟ, ಅದರಲ್ಲಿ ಒಂದು ಪುಟ ಪಾಂಡವರು ವನವಾಸದಲ್ಲಿ ಬಂದದ್ದು. ಶಾಲೆಯ ಪುಸ್ತಕದಲ್ಲಿ ರಾಜರ ವಂಶಾವಳಿ ಬಾಯಿಪಾಠ ಮಾಡಿದ ಮಗುವಿಗೆ ತನ್ನ ಬೀದಿಯ ಹೆಸರು ಯಾಕೆ ಬಂತು ಅಂತ ಗೊತ್ತಿರುವುದಿಲ್ಲ, ಕೇಳುವ ಅಭ್ಯಾಸವನ್ನೂ ನಾವು ಮಾಡಿಸಿಲ್ಲ.

ಐದು ಸರ್ಕಾರ ಕಂಡ, ಜನವೇ ಬದಲಾದ ಆ ಊರಿನವರು ಒಂದು ಸಂಚಿಯನ್ನು, ಒಂದು ಗಾಳಿಪಟ್ಟಿಯನ್ನು, 'ಶಕ್ತಾರ್ಪಿಸ್' ಎಂಬ ಒಂದು ಪದವನ್ನು ಎತ್ತಿಟ್ಟುಕೊಂಡಿದ್ದಾರೆ. ಅದನ್ನು ನಮ್ಮ ಓದುಗರಿಗೆ ತೋರಿಸಬೇಕು ಅಂತಲೇ ಆ ಎಂಟು ಪುಟ ಕೊಟ್ಟೆ.

ನಿಮ್ಮಜ್ಜಿ ಸಂತೆಮಾಳಕ್ಕೆ ಹೇಳುತ್ತಿದ್ದ ಹೆಸರು ಯಾರಿಗೂ ಗೊತ್ತಿಲ್ಲ ಅಂದಿರಿ. ನಿಮಗಾದರೂ ನೆನಪಿದೆಯೇ? ಪತ್ರದಲ್ಲಿ ಅದನ್ನು ಬರೆದೇ ಇಲ್ಲ. ನೆನಪಿಲ್ಲವಾದರೆ ಊರಲ್ಲಿ ಎಂಬತ್ತು ದಾಟಿದವರ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಕೇಳಿ. ಸಂತೆ ಯಾವ ವಾರ ಸೇರುತ್ತಿತ್ತು, ಯಾವ ಮರದ ಕೆಳಗೆ ಯಾರು ಕೂರುತ್ತಿದ್ದರು, ಗಾಡಿ ಎಲ್ಲಿ ಬಿಚ್ಚುತ್ತಿದ್ದರು, ಎಲ್ಲ ಬರೆದುಕೊಳ್ಳಿ. ಮುಂದಿನ ತಿಂಗಳು ಹತ್ತನೇ ತಾರೀಖಿನೊಳಗೆ ಕಳಿಸಿ. ಎಂಟು ಪುಟ ಇಟ್ಟಿರುತ್ತೇನೆ, ಈ ಸಲ ನಕ್ಷೆಯ ಸಮೇತ.