ಸಾಲು ಔತಣಗಳ ದಿನಗಳಲ್ಲಿ ಹದವರಿತು ಉಣ್ಣುವುದು

ರಜೆಯ ದಿನಗಳಲ್ಲಿ ಒಂದರ ಹಿಂದೊಂದು ಔತಣಗಳಿರುವಾಗ, ಕರೆದವರ ಮನಸ್ಸು ನೋಯದಂತೆ, ತೂಕವೂ ಏರದಂತೆ ಉಣ್ಣುವುದು ಹೇಗೆಂದು ಕೇಳಿದ್ದೀರಿ. ಔತಣದ ದಿನ ಬೆಳಗಿನಿಂದ ಉಪವಾಸವಿದ್ದರೆ ಲೆಕ್ಕ ಸರಿಹೋದೀತೇ ಎಂದೂ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಉಪವಾಸ ಬೇಡ. ಹಸಿದು ಕಂಗೆಟ್ಟು ಹೋದವರು ಕಣ್ಣಿಗೆ ಮೊದಲು ಬಿದ್ದದ್ದನ್ನು ಬೇಗ ಬೇಗ ತಿನ್ನುತ್ತಾರೆ, ಮತ್ತು ಹಾಗೆ ಮೊದಲು ಕೈಗೆ ಸಿಗುವುದು ಬಹುಪಾಲು ಕರಿದ ತಿಂಡಿ ಇಲ್ಲವೇ ಸಿಹಿ. ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಹಿಡಿಯುವುದರಿಂದ, ಅಷ್ಟರೊಳಗೆ ಅಗತ್ಯಕ್ಕಿಂತ ಹೆಚ್ಚೇ ಒಳಹೋಗಿರುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗಂತೂ ಊಟ ತಪ್ಪಿಸುವುದು ಅಪಾಯಕಾರಿ. ಎಂದಿನಂತೆ ಹಗುರವಾಗಿ ತಿಂದು ಹೊರಡಿ.

ಔತಣದಲ್ಲಿ ಹೆಚ್ಚು ತಿನ್ನುವುದನ್ನು ನಾವು ಮನೋಬಲದ ಕೊರತೆ ಎಂದುಕೊಳ್ಳುತ್ತೇವೆ, ನನಗೆ ಹಾಗನ್ನಿಸುವುದಿಲ್ಲ. ಜನರು ಒಬ್ಬರೇ ಇದ್ದಾಗ ಉಂಡದ್ದಕ್ಕಿಂತ ಜೊತೆಗಾರರೊಂದಿಗೆ ಉಂಡ ಊಟ ಸರಾಸರಿ 44 ಶೇಕಡಾದಷ್ಟು ದೊಡ್ಡದಾಗಿತ್ತೆಂದು ಮನೋವಿಜ್ಞಾನಿ ಜಾನ್ ಡಿ ಕ್ಯಾಸ್ಟ್ರೊ ಅವರು 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತ್ತು. ಮಾತು ಬೆಳೆದಷ್ಟೂ ಕೂತಿರುವ ಹೊತ್ತು ಬೆಳೆಯುತ್ತದೆ, ಕೈ ಸುಮ್ಮನಿರುವುದಿಲ್ಲ. ಇದಕ್ಕಿಂತಲೂ ನಿಗೂಢವಾಗಿ ಕೆಲಸ ಮಾಡುವುದು ಬಗೆಬಗೆಯ ತಿನಿಸುಗಳ ಆಕರ್ಷಣೆ. ಒಂದೇ ರುಚಿಯನ್ನು ತಿನ್ನುತ್ತಾ ಹೋದರೆ ಆ ರುಚಿಯ ಮೇಲಿನ ಆಸೆ ಕುಗ್ಗುತ್ತದೆ, ಆದರೆ ಬೇರೊಂದು ರುಚಿಯ ಆಸೆ ಹಾಗೆಯೇ ಉಳಿದಿರುತ್ತದೆ ಎಂಬುದನ್ನು ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲೇ ಪ್ರಯೋಗಗಳಿಂದ ತೋರಿಸಿದರು. ಇನ್ನು ಸಾಧ್ಯವಿಲ್ಲ ಎಂದವರಿಗೂ ಸಿಹಿ ಬಂದಾಗ ಹೊಟ್ಟೆಯಲ್ಲಿ ಜಾಗ ಸಿಗುವುದು ಇದರಿಂದಲೇ.

ಆದ್ದರಿಂದ ನಾನು ಪ್ರಮಾಣಕ್ಕಿಂತ ಮೊದಲು ಬಗೆಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳುತ್ತೇನೆ. ತಟ್ಟೆ ಹಿಡಿಯುವ ಮುನ್ನ ಏನೇನಿದೆಯೆಂದು ಒಮ್ಮೆ ಪೂರ್ತಿ ನೋಡಿ, ಬೇರೆ ದಿನ ಸಿಗದಂಥ ಎರಡು ಮೂರನ್ನು ಆರಿಸಿ, ಯಾವಾಗ ಬೇಕಾದರೂ ಸಿಗುವಂಥವನ್ನು ಬಿಟ್ಟುಬಿಡುತ್ತೇನೆ. ಆರಿಸಿಕೊಂಡದ್ದನ್ನು ಅಳುಕಿಲ್ಲದೆ, ನಿಧಾನವಾಗಿ ತಿನ್ನುತ್ತೇನೆ. ತರಕಾರಿ, ಕಾಳುಗಳಂಥ ನಾರು ಮತ್ತು ಪ್ರೋಟೀನ್ ಇರುವ ಪದಾರ್ಥಗಳನ್ನು ಮೊದಲು ತಿಂದು ಪಿಷ್ಟ ಹಾಗೂ ಸಿಹಿಯನ್ನು ಕೊನೆಗಿಟ್ಟರೆ, ಊಟದ ನಂತರ ರಕ್ತದ ಸಕ್ಕರೆ ಏರುವುದೂ ತಗ್ಗುತ್ತದೆ. ಊಟ ಮುಗಿದ ಮೇಲೆ ತಿಂಡಿಯ ಮೇಜಿನಿಂದ ದೂರ ಕುಳಿತು ಹರಟುವುದು ಮೇಲು. ಯಾರಾದರೂ ಜೊತೆಯಾದರೆ ಹತ್ತು ಹದಿನೈದು ನಿಮಿಷ ನಡೆದು ಬರುವುದು ಇನ್ನೂ ಮೇಲು.

ಪಾನೀಯಗಳ ಬಗ್ಗೆ ಇಷ್ಟೇ ಹೇಳುತ್ತೇನೆ: ಒಂದು ಗ್ರಾಂ ಸಕ್ಕರೆಯಲ್ಲಿ 4 ಕಿಲೋಕ್ಯಾಲರಿಗಳಿದ್ದರೆ ಮದ್ಯಸಾರದಲ್ಲಿ 7 ಇರುತ್ತವೆ, ಮತ್ತು ಕುಡಿದ ಕ್ಯಾಲರಿ ತಿಂದದ್ದರಷ್ಟು ಹಸಿವನ್ನು ತಣಿಸುವುದಿಲ್ಲ.

ಇನ್ನು ಒತ್ತಾಯದ ವಿಷಯ. ಪಥ್ಯದಲ್ಲಿದ್ದೇನೆಂದು ಸಾರಿದರೆ ಸುತ್ತಲಿದ್ದವರೆಲ್ಲ ವೈದ್ಯರಾಗಿಬಿಡುತ್ತಾರೆ, ಹಾಗಾಗಿ ಆ ಮಾತನ್ನೇ ಎತ್ತದಿರುವುದು ಒಳ್ಳೆಯದು. ಬರಿದಾದ ತಟ್ಟೆ ಕಂಡರೆ ಬಡಿಸುವವರ ಕೈ ತಾನಾಗಿ ಮುಂದೆ ಬರುತ್ತದೆ. ಅದಕ್ಕಾಗಿ ಸ್ವಲ್ಪವನ್ನು ಕೊನೆಯವರೆಗೂ ಉಳಿಸಿಕೊಂಡು ನಿಧಾನವಾಗಿ ಮುಗಿಸಬಹುದು. "ಸ್ವಲ್ಪ ಹೊತ್ತು ಬಿಟ್ಟು ಹಾಕಿಸಿಕೊಳ್ಳುತ್ತೇನೆ" ಎಂಬ ಮಾತಿಗೆ ಬೇಸರಪಟ್ಟವರನ್ನು ನಾನು ಕಂಡಿಲ್ಲ. ಅಡುಗೆಯ ಬಗ್ಗೆ ಮನಸಾರೆ ಎರಡು ಮಾತಾಡಿದರೆ, ಎಷ್ಟು ತಿಂದಿರಿ ಎಂಬುದು ಬಹಳ ಜನರಿಗೆ ಮುಖ್ಯವಾಗುವುದೇ ಇಲ್ಲ.

ಮರುದಿನ ಬೆಳಿಗ್ಗೆ ತೂಕದ ಯಂತ್ರ ಹತ್ತಬೇಡಿ. ದೇಹದಲ್ಲಿ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು ರೂಪ) ಆಗಿ ಕೂಡಿಡಲ್ಪಡುವ ಪ್ರತಿ ಗ್ರಾಂ ಪಿಷ್ಟ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ, ಉಪ್ಪೂ ನೀರನ್ನು ತಡೆಯುತ್ತದೆ. ಅಂದು ಕಾಣುವ ಏರಿಕೆಯಲ್ಲಿ ಕೊಬ್ಬಿನ ಪಾಲು ಅಲ್ಪ. ಅಮೆರಿಕದಲ್ಲಿ 195 ವಯಸ್ಕರನ್ನು ಗಮನಿಸಿ 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವರ್ಷಾಂತ್ಯದ ಹಬ್ಬಗಳ ಅವಧಿಯಲ್ಲಿ ಏರಿದ ತೂಕ ಸರಾಸರಿ 0.37 ಕಿಲೋ ಮಾತ್ರ, ಆದರೆ ಅದು ಮುಂದಿನ ತಿಂಗಳುಗಳಲ್ಲಿ ಇಳಿಯಲಿಲ್ಲ. ಹಾಗಾಗಿ ಎರಡು ಔತಣಗಳ ನಡುವಿನ ಸಾಮಾನ್ಯ ದಿನಗಳ ಮೇಲೆ ನಾನು ಹೆಚ್ಚು ಕಣ್ಣಿಡುತ್ತೇನೆ: ಎಂದಿನ ಊಟ, ಎಂದಿನ ನಡಿಗೆ, ಎಂದಿನ ನಿದ್ದೆ, ಮತ್ತು ಮಿಕ್ಕ ಸಿಹಿಯ ಡಬ್ಬಿ ಕಣ್ಣಿಗೆ ಬೀಳದ ಜಾಗದಲ್ಲಿ.