ಕರಾವಳಿಯ ಅಂಗಳದಲ್ಲಿ ಬೀಜರಹಿತ ದ್ರಾಕ್ಷಿ: ಬಳ್ಳಿ ಹಬ್ಬಿದರೂ ಗೊಂಚಲು ಏಕೆ ಬರುವುದಿಲ್ಲ?

ಉಡುಪಿಯ ನಿಮ್ಮ ಅಂಗಳದಲ್ಲಿ ಥಾಮ್ಸನ್ ಸೀಡ್‌ಲೆಸ್ ಬಳ್ಳಿ ಚಪ್ಪರ ತುಂಬ ಹಬ್ಬಿದರೂ ಮೂರು ವರ್ಷಗಳಲ್ಲಿ ಒಂದು ಗೊಂಚಲೂ ಬಿಟ್ಟಿಲ್ಲವೆಂದೂ, ಪ್ರತಿ ಅಕ್ಟೋಬರಿನಲ್ಲಿ ಕಡ್ಡಿಯಲ್ಲಿ ಎರಡೇ ಕಣ್ಣು (ಚಿಗುರೊಡೆಯುವ ಮೊಗ್ಗು) ಉಳಿಸಿ ಕತ್ತರಿಸುತ್ತಿರುವುದಾಗಿಯೂ ಬರೆದು, ಇಲ್ಲಿನ ಸೆಕೆಗೆ ದ್ರಾಕ್ಷಿ ಒಗ್ಗುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಒಂಬತ್ತು ವರ್ಷ ವಿಜಯಪುರದಲ್ಲಿ ನೌಕರಿಯಲ್ಲಿದ್ದೆ. ರಜೆಯ ದಿನಗಳೆಲ್ಲ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕಳೆದವು. ಈಗ ಪುತ್ತೂರಿನ ಸಮೀಪ ಅಡಿಕೆ ತೋಟದ ಅಂಚಿನಲ್ಲಿ ನಾಲ್ಕು ಬಳ್ಳಿಗಳನ್ನು ಸಾಕುತ್ತಿದ್ದೇನೆ. ಎರಡೂ ಕಡೆ ಕಂಡದ್ದರಿಂದ ಹೇಳುವುದಾದರೆ, ತೊಡಕು ಸೆಕೆಯದಲ್ಲ, ತೇವ ಮತ್ತು ಮೋಡದ್ದು. ವಿಜಯಪುರದ ಬೇಸಿಗೆ ನಮ್ಮದಕ್ಕಿಂತ ಕಡುವಾದದ್ದು. ಆದರೆ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ., ನಮ್ಮಲ್ಲಿ 3,500 ಮಿ.ಮೀ.ಗೂ ಹೆಚ್ಚು.

ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗಿ, ವಸಂತದಲ್ಲಿ ತಾನಾಗಿಯೇ ಎಚ್ಚರಗೊಳ್ಳುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲದ ಕಾರಣ ಅದರ ವರ್ಷವನ್ನು ನಾವು ಕತ್ತರಿಯಿಂದ ಗೊತ್ತುಪಡಿಸಬೇಕಾಗುತ್ತದೆ. ವಿಜಯಪುರದವರು ಇದನ್ನು ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿಯಲ್ಲಿ, ಅಂದರೆ ಬುಡದ ಚಾಟ್ನಿಯಲ್ಲಿ, ಒಂದೆರಡು ಕಣ್ಣು ಬಿಟ್ಟು ಉಳಿದದ್ದನ್ನೆಲ್ಲ ತೆಗೆದು ಹೊಸ ಕಡ್ಡಿ ಬೆಳೆಸುತ್ತಾರೆ. ಅಕ್ಟೋಬರ್ ಚಾಟ್ನಿಯಲ್ಲಿ ಅದೇ ಕಡ್ಡಿಯನ್ನು ಉದ್ದವಾಗಿ ಉಳಿಸಿ ಹಣ್ಣು ಪಡೆಯುತ್ತಾರೆ. ನೀವು ಏಪ್ರಿಲಿನಲ್ಲಿ ಮಾಡಬೇಕಾದ ಕೆಲಸವನ್ನು ಅಕ್ಟೋಬರಿನಲ್ಲಿ ಮಾಡುತ್ತಿದ್ದೀರಿ. ಥಾಮ್ಸನ್ ತಳಿಯಲ್ಲಿ ಕಡ್ಡಿಯ ಬುಡದ ಕಣ್ಣುಗಳು ಬಹುಮಟ್ಟಿಗೆ ಬಂಜೆ; ಗೊಂಚಲು ಅಡಗಿರುವುದು ಅವುಗಳಿಂದ ಮೇಲಿನ ಕಣ್ಣುಗಳಲ್ಲಿ. ಆ ಕಣ್ಣುಗಳನ್ನೇ ನೀವು ಪ್ರತಿ ವರ್ಷ ಕತ್ತರಿಸಿ ಎಸೆದಿದ್ದೀರಿ. ದೊಡ್ಡ ಬೆಳೆಗಾರರು ಸೆಪ್ಟೆಂಬರಿನಲ್ಲಿ ಕಡ್ಡಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಯಾವ ಕಣ್ಣಿನಲ್ಲಿ ಗೊಂಚಲಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿಸಿಕೊಂಡೇ ಕತ್ತರಿ ಹಾಕುತ್ತಾರೆ. ಮನೆಯ ಬಳ್ಳಿಗೆ ಅಷ್ಟು ಬೇಡ. ಪೆನ್ಸಿಲ್ ಗಾತ್ರದ, ಕಂದು ಬಣ್ಣಕ್ಕೆ ತಿರುಗಿದ ಕಡ್ಡಿಯಲ್ಲಿ ಎಂಟು ಹತ್ತು ಕಣ್ಣು ಉಳಿಸಿದರೆ ಸಾಕು.

ಇಷ್ಟರಿಂದಲೇ ಕರಾವಳಿಯ ಕಷ್ಟ ತೀರುವುದಿಲ್ಲ. ಮುಂದಿನ ವರ್ಷದ ಗೊಂಚಲು ಕಣ್ಣಿನೊಳಗೆ ರೂಪುಗೊಳ್ಳುವುದು ಬುಡದ ಚಾಟ್ನಿಯಾಗಿ ಸುಮಾರು 40ರಿಂದ 60 ದಿನಗಳ ನಡುವೆ, ಮತ್ತು ಆಗ ಕಡ್ಡಿಗೆ ಒಳ್ಳೆಯ ಬಿಸಿಲು ಬೇಕು. ಏಪ್ರಿಲ್ ನಡುವಿನಲ್ಲಿ ಕತ್ತರಿಸಿದರೆ ಆ ದಿನಗಳು ಮೇ ಕೊನೆಗೂ ಜೂನಿನ ಮೋಡಕ್ಕೂ ಸಿಕ್ಕಿಬಿಡುತ್ತವೆ. ಆದ್ದರಿಂದ ನಾನು ಹಣ್ಣು ಮುಗಿದ ಕೂಡಲೇ, ಫೆಬ್ರವರಿ ಕೊನೆಯೊಳಗೆ, ಬುಡದ ಚಾಟ್ನಿ ಮುಗಿಸುತ್ತೇನೆ. ಕಣ್ಣು ತುಂಬುವ ಆ ಅವಧಿಯಲ್ಲಿ ನೀರನ್ನು ಮಿತಗೊಳಿಸಿ, ಸಾರಜನಕದ ಗೊಬ್ಬರ ನಿಲ್ಲಿಸಿ. ಕಡುಹಸಿರಾಗಿ ಸೊಕ್ಕಿದ ಬಳ್ಳಿ ಎಲೆಯನ್ನೇ ಕೊಡುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಎಲೆಗಳನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಮಳೆ ಹಿಡಿದು ಒಂದು ವಾರವಾದ ಮೇಲೆ ಬೆಳಗ್ಗೆ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ಎಣ್ಣೆ ಬಿದ್ದಂತೆ ಹಳದಿ ಕಲೆ ಕಾಣುತ್ತದೆ, ಮಗುಚಿದರೆ ಅದರ ಅಡಿಯಲ್ಲಿ ಅಕ್ಕಿಹಿಟ್ಟು ಚೆಲ್ಲಿದಂತೆ ಬಿಳಿ ಬೂಜು. ಇದೇ ಬೂಜು ತುಪ್ಪಟ ರೋಗ. ಇದರ ಬೀಜಕಗಳು ಎಲೆಯ ಮೇಲಿನ ನೀರಿನ ಪದರದಲ್ಲಿ ಈಜಿ ಒಳಸೇರುತ್ತವೆ. ಎಲೆ ಒಣಗಿದ್ದರೆ ಅವಕ್ಕೆ ದಾರಿಯಿಲ್ಲ. ಹಾಗಾಗಿ ಚಪ್ಪರದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಗಾಳಿಯಾಡಲು ಬದಿಗಳನ್ನು ತೆರೆದಿಡುವುದನ್ನು ನಾನು ಎಲ್ಲ ಔಷಧಿಗಳಿಗಿಂತ ಮೇಲೆಂದು ಎಣಿಸುತ್ತೇನೆ. ಇದರ ಜೊತೆಗೆ ಅಡಿಕೆಯ ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ದ್ರಾವಣವೇ ಇಲ್ಲಿಯೂ ಆಗುತ್ತದೆ. 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಅದು ಬಳಕೆಗೆ ಬಂದದ್ದೇ ದ್ರಾಕ್ಷಿಯ ಈ ರೋಗಕ್ಕಾಗಿ. ಬಲಿತ ಎಲೆಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎಳೆಯ ಚಿಗುರಿಗೆ ಎರಡೂ ಅರ್ಧದಷ್ಟು. ಹೊಳೆಯುವ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ಹಾಗೆಯೇ ಸಿಂಪಡಿಸಿದರೆ ಎಲೆ ಸುಡುತ್ತದೆ. ಮಳೆಗಾಲದಲ್ಲಿ ಎಲೆಯೆಲ್ಲ ಉದುರಿದರೆ ಕಣ್ಣುಗಳು ಅಕಾಲದಲ್ಲಿ ಒಡೆದು, ಅಕ್ಟೋಬರಿಗೆ ಏನೂ ಉಳಿಯುವುದಿಲ್ಲ.

ಹೊಸ ಗಿಡ ನೆಡುವುದಾದರೆ ಥಾಮ್ಸನ್ ಬದಲು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನೀಲಮಣಿಯನ್ನು ವಿಚಾರಿಸಿ. ಬ್ಲ್ಯಾಕ್ ಚಂಪಾ ಮತ್ತು ಥಾಮ್ಸನ್ ತಳಿಗಳ ಸಂಕರದ ಈ ಕಪ್ಪು ಬೀಜರಹಿತ ದ್ರಾಕ್ಷಿ, ಎಲೆ ಕಾಯಿಗಳ ಮೇಲೆ ಚುಕ್ಕೆ ಮೂಡಿಸುವ ಚಿಬ್ಬು ರೋಗವನ್ನು ತಡೆದುಕೊಳ್ಳುತ್ತದೆ. ಆದರೂ ಮಳೆಯ ಹೊದಿಕೆ ಬೇಕೇ ಬೇಕು.

ಅಂಗಡಿಯ ಹಣ್ಣಿನ ಗಾತ್ರವನ್ನು ಮಾತ್ರ ನಿರೀಕ್ಷಿಸಬೇಡಿ. ಥಾಮ್ಸನ್‌ನಲ್ಲಿ ಬೀಜ ಎಳೆಯದರಲ್ಲೇ ಮುರುಟಿಹೋಗುವುದರಿಂದ, ಕಾಯಿ ಹಿಗ್ಗಲು ಬೀಜದಿಂದ ಸಿಗಬೇಕಾದ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು ಸಾಕಷ್ಟು ಸಿಗುವುದಿಲ್ಲ. ಬೆಳೆಗಾರರು ಗೊಂಚಲುಗಳನ್ನು ಅದರ ದ್ರಾವಣದಲ್ಲಿ ಅದ್ದುತ್ತಾರೆ. ನಾನು ಅದ್ದುವುದಿಲ್ಲ, ಕಡ್ಡಿಗೊಂದೇ ಗೊಂಚಲು ಬಿಡುತ್ತೇನೆ. ಅಕ್ಟೋಬರ್ ಚಾಟ್ನಿಯಾಗಿ ಸುಮಾರು ನಾಲ್ಕು ತಿಂಗಳಿಗೆ ಹಣ್ಣು ಬರುತ್ತದೆ. ಬಣ್ಣ ನೋಡಿ ಅವಸರಪಡದೆ, ಗೊಂಚಲಿನ ತುದಿಯ ಒಂದು ಹಣ್ಣನ್ನು ತಿಂದು ನೋಡಿ. ತುದಿ ಕೊನೆಗೆ ಮಾಗುವುದರಿಂದ ಅದು ಸಿಹಿಯಾದಾಗಲೇ ಕೊಯ್ಯಿರಿ. ಕೊಯ್ದ ದ್ರಾಕ್ಷಿ ಮಾವಿನಂತೆ ಮನೆಯಲ್ಲಿಟ್ಟರೆ ಹಣ್ಣಾಗುವುದಿಲ್ಲ.