ಸಂಪಾದಕರ ಉತ್ತರ: ಗೋದಾಮು ತುಂಬಿದ್ದರೆ ಸಾಕಾ?

ಡೊಂಬಿವಲಿಯ ಓದುಗರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರದ ಸಾರ ಮಾತ್ರ ಹೇಳುತ್ತೇನೆ, ಇಲ್ಲದಿದ್ದರೆ ಉಳಿದವರಿಗೆ ಈ ಉತ್ತರದ ತಲೆಬುಡ ತಿಳಿಯುವುದಿಲ್ಲ. ಹವಾಮಾನ ಬದಲಾವಣೆ ಬಡವರ ಊಟದ ಹಕ್ಕಿಗೇ ಕೈ ಹಾಕುತ್ತಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ನೀವು ಕೇಳಿದ್ದು ಇಷ್ಟು: "ಗೋದಾಮು ತುಂಬಿದೆ, ರೇಷನ್ ಪುಕ್ಕಟೆ ಸಿಗುತ್ತಿದೆ. ಆದರೂ ಹಸಿವು ಇದ್ದರೆ ಅದು ಸರ್ಕಾರದ ತಪ್ಪು, ಬಿಸಿಲಿನ ತಪ್ಪಲ್ಲ. ಸುಮ್ನೆ ಎರಡನ್ನೂ ಯಾಕೆ ಗಂಟು ಹಾಕ್ತೀರಿ?"

ಅರ್ಧ ಮಾತು ಒಪ್ಪಿದೆ. 2001ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಗಿದ್ದೂ ಇಂಥದ್ದೇ ಕಾರಣಕ್ಕೆ. ರಾಜಸ್ಥಾನದಲ್ಲಿ ಬರ, ಜನ ಉಪವಾಸ, ಆಹಾರ ನಿಗಮದ ಗೋದಾಮಿನಲ್ಲಿ ಮಾತ್ರ ರಾಶಿ ರಾಶಿ ಧಾನ್ಯ. ಶಾಲೆಯಲ್ಲಿ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಕೋರ್ಟು ಆದೇಶ ಮಾಡಿದ್ದು ಆ ಕೇಸಿನಲ್ಲೇ. ಅಲ್ಲಿಂದ ಮುಂದೆ ಹೋರಾಟ ಬೆಳೆದು 2013ರಲ್ಲಿ ಆಹಾರ ಭದ್ರತಾ ಕಾಯಿದೆ ಬಂತು. ಬಿಪಿಎಲ್ ಕಾರ್ಡ್ ಇದ್ದವರಿಗೆ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ ಈಗ ಹಕ್ಕು. ಯಾರ ಕೃಪೆಯೂ ಬೇಕಿಲ್ಲ.

ಇನ್ನು ಅದೇ ಕಾಯಿದೆಯ 44ನೇ ಕಲಂ ನೋಡಿ. ಧಾನ್ಯ ಕೊಡದಿದ್ದರೆ ಸರ್ಕಾರವೇ ಹೊಣೆ, ಆದರೆ ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪದಿಂದ ಪೂರೈಕೆಗೆ ತೊಂದರೆಯಾದರೆ ಆ ಹೊಣೆ ಇಲ್ಲ ಅನ್ನುತ್ತದೆ ಅದು. ಅಂಥ ಪರಿಸ್ಥಿತಿ ಬಂದಿದೆಯೋ ಇಲ್ಲವೋ ಎಂದು ಘೋಷಿಸುವ ಅಧಿಕಾರವೂ ಕೇಂದ್ರದ್ದೇ. ಬರದಿಂದ ಹುಟ್ಟಿದ ಕೇಸು, ಆ ಕೇಸಿನ ಬೆನ್ನಿಗೇ ಬಂದ ಕಾಯಿದೆ, ಅದರಲ್ಲಿ ಬರಕ್ಕೇ ವಿನಾಯಿತಿ! ಭೂಮಿ ಬಿಸಿಯಾದಷ್ಟೂ ಪ್ರವಾಹ, ಬರ, ಚಂಡಮಾರುತ ಮೂರೂ ಜೋರಾಗುತ್ತವೆ. ಅಂದರೆ ಹವೆ ಕೆಟ್ಟಷ್ಟೂ ಸರ್ಕಾರಕ್ಕೆ ಕೈತೊಳೆದುಕೊಳ್ಳುವ ದಾರಿ ಅಗಲವಾಗುತ್ತಾ ಹೋಗುತ್ತದೆ. ಗುತ್ತಿಗೆದಾರನ ಕರಾರಿನಲ್ಲಿ ಇಂಥ ಕಲಂ ಇರಲಿ, ಹಸಿದವರಿಗೆ ಕೊಟ್ಟ ಮಾತಿನಲ್ಲಿ ಯಾಕೆ? 2016ರಲ್ಲಿ ಸುಪ್ರೀಂ ಕೋರ್ಟು ಸರಿಯಾಗಿ ಉಲ್ಟಾ ದಾರಿ ಹಿಡಿಯಿತು. ಬರಪೀಡಿತ ಊರುಗಳಲ್ಲಿ ಕಾರ್ಡ್ ಇಲ್ಲ ಎಂಬ ಒಂದೇ ಕಾರಣಕ್ಕೆ ಧಾನ್ಯ ನಿರಾಕರಿಸಬೇಡಿ, ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಿ ಎಂದಿತು. ಕಲಂ ಮಾತ್ರ ಪುಸ್ತಕದಲ್ಲಿ ಹಾಗೇ ಕೂತಿದೆ.

ಗೋದಾಮಿನ ಮಾತಿಗೆ ಬರೋಣ. ಅದು ಯಾವಾಗಲೂ ತುಂಬಿರುತ್ತದೆ ಎಂದು ಯಾರು ಹೇಳಿದ್ದು? 2022ರ ಮಾರ್ಚ್ ತಿಂಗಳು ದೇಶದ ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಬಿಸಿಯಾದ ಮಾರ್ಚ್. ಉತ್ತರದಲ್ಲಿ ಗೋಧಿ ಕಾಳು ತುಂಬಿಕೊಳ್ಳುವ ಹೊತ್ತಿಗೆ ಬಿಸಿಗಾಳಿ ಹೊಡೆದು ಕಾಳು ಸೊರಗಿತು. ಹಿಂದಿನ ವರ್ಷ ಸುಮಾರು 433 ಲಕ್ಷ ಟನ್ ಇದ್ದ ಸರ್ಕಾರಿ ಖರೀದಿ ಸುಮಾರು 188 ಲಕ್ಷ ಟನ್ನಿಗೆ ಬಿತ್ತು. ಯುಕ್ರೇನ್ ಯುದ್ಧದಿಂದ ಬೆಲೆ ಏರಿ ಖಾಸಗಿ ವ್ಯಾಪಾರಿಗಳು ಕೊಂಡದ್ದೂ ಇದರಲ್ಲಿ ಸೇರಿದೆ, ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟುವುದಿಲ್ಲ. ಆದರೆ ಆಮೇಲೆ ಆಗಿದ್ದೇನು? ರಫ್ತು ನಿಂತಿತು, ಕೆಲವು ರಾಜ್ಯಗಳಿಗೆ ಗೋಧಿ ಕಡಿಮೆ ಮಾಡಿ ಅಕ್ಕಿ ಕಳಿಸಿದರು.

ಮರುವರ್ಷ ನಮ್ಮ ಕರ್ನಾಟಕದ ಸರದಿ. ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಕೊಡಿ, ದುಡ್ಡು ಕೊಡ್ತೀವಿ ಅಂದರೂ ಕೇಂದ್ರ ಕೊಡಲಿಲ್ಲ. ದಾಸ್ತಾನು ಬೇಕು, ಬೆಲೆ ಹತೋಟಿಯಲ್ಲಿಡಬೇಕು ಎಂಬುದು ಕೊಟ್ಟ ಕಾರಣ. ರಾಜಕೀಯ ಇತ್ತಾ? ಇತ್ತು, ಎರಡೂ ಕಡೆ. ಒಟ್ಟಿನಲ್ಲಿ ಆ ಹೆಚ್ಚುವರಿ 5 ಕೆಜಿ ಅಕ್ಕಿಯ ಜಾಗದಲ್ಲಿ ತಲೆಗೆ 170 ರೂಪಾಯಿ ಬಂತು. ಹೋಟೆಲ್ ನಡೆಸಿದವರು ನೀವು, ಅಂಗಡಿಯಲ್ಲಿ 170 ರೂಪಾಯಿಗೆ ಎಂಥ ಅಕ್ಕಿ, ಎಷ್ಟು ಕೆಜಿ ಬರುತ್ತದೆ ಎಂದು ನಾನು ನಿಮಗೆ ಹೇಳಬೇಕಾ?

ಅಕ್ಕಿ ಗೋಧಿ ಸಿಕ್ಕರೂ ಊಟ ಆಗುವುದಿಲ್ಲ, ಅಲ್ವಾ. ಆ 5 ಕೆಜಿಯಲ್ಲಿ ಬೇಳೆ ಇಲ್ಲ, ತರಕಾರಿ ಇಲ್ಲ. 2023ರ ಜುಲೈನಲ್ಲಿ ವಾಶಿ ಮಾರ್ಕೆಟ್ಟಿನಲ್ಲಿ ಗಗನಕ್ಕೇರಿದ ಟೊಮೆಟೊ ರೇಟು ಮರೆತಿರಲಿಕ್ಕಿಲ್ಲ. ಅದೇ ವರ್ಷದ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ನಿಮ್ಮ ಸಾಂಬಾರಿಗೆ ತೊಗರಿ ಬೆಳೆಯುವ ಕಲಬುರಗಿಯಲ್ಲಿ ಮಳೆ ಕೈಕೊಟ್ಟರೆ ಬೇಳೆ ತುಟ್ಟಿಯಾಗುವುದು ಒಂದು ಕಡೆ. ಅದೇ ಕಲಬುರಗಿ, ಯಾದಗಿರಿಯ ಜನ ಹೊಲ ಬಿಟ್ಟು ಇಲ್ಲಿ ಮುಂಬೈಯ ನಾಕಾಗಳಲ್ಲಿ (ಕೂಲಿಕಾರರು ಸೇರುವ ಚೌಕಗಳಲ್ಲಿ) ಬೆಳಿಗ್ಗೆ ಕೂಲಿಗೆ ಕಾಯುವುದು ಇನ್ನೊಂದು ಕಡೆ. ರಾಜ್ಯ ಕೇಂದ್ರವನ್ನು ಕೇಳಿದ ಬರ ಪರಿಹಾರ 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಅಷ್ಟು ಹೊತ್ತಿಗೆ ಮುಂಗಾರು, ಹಿಂಗಾರು ಎರಡೂ ಮುಗಿದಿದ್ದವು. ಸರ್ಕಾರದ ತಪ್ಪು ಅಂದಿರಲ್ಲ, ಇದು ಖಂಡಿತ ಅದೇ. ಬಿಸಿಲು ಸರ್ಕಾರದ ಹಳೇ ತಪ್ಪುಗಳನ್ನು ಮಾಫಿ ಮಾಡುವುದಿಲ್ಲ, ಇನ್ನೂ ದುಬಾರಿ ಮಾಡುತ್ತದೆ.

"ಹಾಗಾದರೆ ಏನು ಮಾಡಬೇಕಂತೀರಿ?" ಎಂದು ಕೊನೆಗೆ ಕೇಳಿದ್ದೀರಿ. 44ನೇ ಕಲಮಿನಿಂದ ಬರ, ಪ್ರವಾಹ, ಚಂಡಮಾರುತ ಮೂರನ್ನೂ ತೆಗೆಯಲಿ. ನನ್ನ ಪ್ರಕಾರ ಮೊದಲ ಕೆಲಸ ಅದು, ಅದಕ್ಕೆ ಹಣವೂ ಬೇಕಿಲ್ಲ, ಸಂಸತ್ತಿನ ಒಂದು ತಿದ್ದುಪಡಿ ಸಾಕು. ರೇಷನ್ನಿಗೆ ಬೇಳೆ ಸೇರಲಿ. ಕಾಯಿದೆಯಡಿ ರೇಷನ್ನಿಗೆ ಅರ್ಹರಾದ ಸುಮಾರು 81 ಕೋಟಿ ಜನರ ಲೆಕ್ಕ ಇನ್ನೂ 2011ರ ಜನಗಣತಿಯದ್ದು, ಆಮೇಲೆ ಹುಟ್ಟಿದವರಿಗೂ ಹೊಟ್ಟೆ ಇದೆ.

ನೀವೂ ಒಂದು ಕೆಲಸ ಮಾಡಬಹುದು. ಹೋಟೆಲ್ ಈಗ ಮಗನ ಕೈಯಲ್ಲಿದೆ ಎಂದು ಬರೆದಿದ್ದೀರಿ. ಅಲ್ಲಿನ ಹುಡುಗರಲ್ಲಿ ಊರಲ್ಲಿ ರೇಷನ್ ಕಾರ್ಡ್ ಇರುವವರು ಯಾರು ಎಂದು ಕೇಳಿ. ಆಧಾರ್ ಜೋಡಣೆ ಆಗಿದ್ದರೆ ಆ ಕಾರ್ಡ್ ಮುಂಬೈಯ ರೇಷನ್ ಅಂಗಡಿಯಲ್ಲೂ ನಡೆಯುತ್ತದೆ, ಹೆಬ್ಬೆಟ್ಟು ಒತ್ತಿದರೆ ಸಾಕು. ತಮ್ಮ ಪಾಲನ್ನು ಇಲ್ಲಿ, ಮನೆಯವರ ಪಾಲನ್ನು ಊರಲ್ಲಿ ಎತ್ತಬಹುದು. ಕರ್ನಾಟಕ ಮೇಲಿಂದ ಕೊಡುವುದು ಇಲ್ಲಿ ಸಿಗುವುದಿಲ್ಲ, ಕೇಂದ್ರದ 5 ಕೆಜಿ ಮಾತ್ರ. ಅಂಗಡಿಯವನು ಹೊರರಾಜ್ಯದ ಕಾರ್ಡ್ ನಡೆಯಲ್ಲ ಅಂದರೆ ನಮಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೂ ಜಾಗ ಇದೆ.

– ಸಂಪಾದಕ